ಸಂಬಳವಿಲ್ಲದ ಸಿಬ್ಬಂದಿ

ಹಳೇ ಟಾಕೀಸಿನ ಪ್ರೇಕ್ಷಕನೆಂದರೆ ದುಡ್ಡು ಕೊಟ್ಟು ಒಳಗೆ ಬಂದು, ಟಾಕೀಸಿನವರು ಮಾಡಬೇಕಾದ ಅರ್ಧ ಕೆಲಸವನ್ನು ತಾನೇ ಮಾಡಿಕೊಟ್ಟು ಹೋಗುತ್ತಿದ್ದವನು. 1934ರಲ್ಲಿ ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ‘ಸತಿ ಸುಲೋಚನ’ ತೆರೆಕಂಡು ಸಿನಿಮಾ ಕನ್ನಡದಲ್ಲಿ ಬಾಯಿಬಿಟ್ಟಾಗಿನಿಂದ, ಅದು ಮಾಲ್‌ಗಳ ಮೇಲ್ಮಹಡಿ ಹತ್ತಿ ಕೂರುವವರೆಗೂ ಈ ಏರ್ಪಾಡು ಕರಾರುಪತ್ರವಿಲ್ಲದೆ ನಡೆಯಿತು.

ಮೊದಲ ಕೆಲಸ ಟಿಕೆಟ್ ಪಡೆಯುವುದು. ಎಲ್ಲಕ್ಕಿಂತ ಅಗ್ಗದ ಗಾಂಧಿ ಕ್ಲಾಸಿನ ಕೌಂಟರಿಗೆ ಹೋಗಲು ಗೋಡೆಗೂ ಕಬ್ಬಿಣದ ಸರಳುಗಳಿಗೂ ನಡುವೆ ಒಬ್ಬರಷ್ಟೇ ನುಸುಳಬಲ್ಲ ಓಣಿ. ಒಳಹೊಕ್ಕ ಮೇಲೆ ಹಿಂದಿನವರೇ ದೂಡುತ್ತಿದ್ದರಿಂದ ಕಾಲಿಗೆ ಹೆಚ್ಚು ಕೆಲಸವಿರುತ್ತಿರಲಿಲ್ಲ. ಕೊನೆಯಲ್ಲಿ ಗೋಡೆಗೊಂದು ಕಿಂಡಿ. ಅದರ ಅಳತೆ ಒಂದು ಮುಷ್ಟಿ, ಏಕಕಾಲಕ್ಕೆ ಅದರೊಳಗಿರುತ್ತಿದ್ದ ಕೈಗಳು ಮೂರು. ಒಳಗೆ ಕೂತಾತ ಯಾರ ಮುಖವನ್ನೂ ನೋಡುವಂತಿರಲಿಲ್ಲ. ಬೆವರಿಗೆ ಮುದ್ದೆಯಾದ ನೋಟು ಬಿಡಿಸಿಕೊಂಡು, ಸಿಕ್ಕ ಅಂಗೈಗೆ ತೆಳ್ಳನೆಯ ಗುಲಾಬಿ ಚೀಟಿ ತುರುಕುತ್ತಿದ್ದ. ದುಡ್ಡು ಯಾರದು, ಚೀಟಿ ಯಾರದು ಎಂಬ ತಕರಾರು ಕೈ ಹೊರಗೆಳೆದುಕೊಂಡ ಮೇಲೆ ಇತ್ಯರ್ಥವಾಗಬೇಕು. ಹೆಂಗಸರ ಸಾಲು ಬೇರೆ, ಅದು ಚಿಕ್ಕದು. ಹಾಗಾಗಿ “ಅಕ್ಕಾ, ನಂಗೂ ಎರಡು ತಗೊಂಬಿಡಿ” ಎಂದು ಸರಳಿನಾಚೆಯಿಂದ ಅಂಗಲಾಚುವ ತಮ್ಮಂದಿರು ಹುಟ್ಟಿಕೊಳ್ಳುತ್ತಿದ್ದರು. ಈ ಒಡಹುಟ್ಟು ಚಿಲ್ಲರೆ ಲೆಕ್ಕ ಮುಗಿಯುವವರೆಗೆ ಬಾಳುತ್ತಿತ್ತು.

ಗಾಂಧಿ ಕ್ಲಾಸಿನಲ್ಲಿ ಸೀಟಿಗೆ ನಂಬರಿಲ್ಲ. ಮೊದಲು ನುಗ್ಗಿದವನು ಒಂದು ಕರ್ಚೀಫು, ಒಂದು ಚೀಲ, ಎರಡು ಚಪ್ಪಲಿಗಳಲ್ಲಿ ಇಡೀ ಬೆಂಚು ಹಿಡಿದು, ಇನ್ನೂ ಬಸ್ಸಿನಲ್ಲೇ ಇರುವ ನೆಂಟರ ಪರವಾಗಿ ವಾದಿಸುತ್ತಿದ್ದ. ಪರದೆಗೆ ತೀರ ಹತ್ತಿರವಾದ್ದರಿಂದ ನಾಯಕನ ಮೂಗಿನ ಹೊಳ್ಳೆಗಳ ಸವಿವರ ದರ್ಶನ ಇಲ್ಲಿಯವರಿಗೆ ಮಾತ್ರ. ಸೆಕೆಂಡ್ ಕ್ಲಾಸಿನ ಬಗ್ಗೆ ಹೇಳುವಂಥದ್ದೇನಿಲ್ಲ. ಬಾಲ್ಕನಿಯಲ್ಲಿ ಮೆತ್ತನೆಯ ಸೀಟಿತ್ತು. ತಿಗಣೆಗಳಿಗೂ ಮೆತ್ತನೆಯದೇ ಇಷ್ಟ ಎಂಬುದು ಹೆಚ್ಚಿನ ದರ ಕೊಟ್ಟವರಿಗೆ ತಡವಾಗಿ ತಿಳಿಯುತ್ತಿತ್ತು.

ಪ್ರೇಕ್ಷಕನ ನಿಜವಾದ ಹೊಣೆ ದೀಪ ಆರಿದ ಮೇಲೆ. ಹಳೇ ಪ್ರೊಜೆಕ್ಟರಿನಲ್ಲಿ ಬಲ್ಬಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಕರೆಂಟು ಹಾರಿ ಬೆಳಕಾಗಬೇಕು. ಕಡ್ಡಿ ಉರಿದು ಗಿಡ್ಡವಾದಂತೆ ಅವನ್ನು ಹತ್ತಿರ ತರುತ್ತಲೇ ಇರಬೇಕು. ಆಪರೇಟರ್ ಒಂದು ಬೀಡಿಯಷ್ಟು ಹೊತ್ತು ಮರೆತರೆ ನಡುಹಗಲಿನ ಯುಗಳಗೀತೆಗೆ ಸಂಜೆ ಕವಿಯುತ್ತಿತ್ತು. ಆಗ ಕೆಳಗಿನಿಂದ “ಲೈಟೂ!” ಎಂಬ ಆಜ್ಞೆ ಹೊರಡುತ್ತಿತ್ತು. ಚಿತ್ರ ಮಸುಕಾದರೆ “ಫೋಕಸ್!”, ಮಾತು ಕೇಳದಿದ್ದರೆ “ಸೌಂಡೂ!”. ಇಷ್ಟಕ್ಕೂ ಸರಿಹೋಗದಿದ್ದರೆ ಆಪರೇಟರನ ಮನೆತನದ ವಿಚಾರ ಬರುತ್ತಿತ್ತು, ಮತ್ತು ಆಶ್ಚರ್ಯವೆಂದರೆ ತಕ್ಷಣ ಸರಿಹೋಗುತ್ತಿತ್ತು.

35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. 2,000 ಅಡಿಯ ಒಂದು ರೀಲಿಗೆ ಸುಮಾರು 22 ನಿಮಿಷ. ಅದು ಮುಗಿಯುತ್ತ ಬಂದು ಪರದೆಯ ಬಲಮೂಲೆಯಲ್ಲಿ ಚುಕ್ಕೆ ಮಿನುಗಿದಾಗ ಪಕ್ಕದ ಪ್ರೊಜೆಕ್ಟರ್ ಚಾಲೂ ಮಾಡಬೇಕು. ಚುಕ್ಕೆಯ ಗುಟ್ಟು ಬಲ್ಲ ಹುಡುಗರು ನಾಯಕಿಯನ್ನು ಬಿಟ್ಟು ಮೂಲೆಯನ್ನೇ ಕಾಯುತ್ತಿದ್ದರು. ಎರಡು ಟಾಕೀಸುಗಳಿಗೆ ಒಂದೇ ಪ್ರಿಂಟಾದರೆ ರೀಲಿನ ಡಬ್ಬ ಸೈಕಲ್ಲಿನ ಮೇಲೆ ಓಡಾಡಬೇಕು. ನಡುದಾರಿಯಲ್ಲಿ ಪಂಕ್ಚರಾದರೆ ಇಲ್ಲಿ ನಾಯಕ ಬಂಡೆಯಿಂದ ಜೋತುಬಿದ್ದೇ ಇರುತ್ತಿದ್ದ. ರೀಲು ಅದಲುಬದಲಾಗಿ ಸತ್ತ ಖಳನಾಯಕ ಎದ್ದು ಕಾಫಿ ಕುಡಿಯತೊಡಗಿದಾಗ, ನಾಲ್ಕನೇ ಸಲ ಬಂದವನೊಬ್ಬ ಎದ್ದುನಿಂತು ಸರಿಯಾದ ಕತೆ ಹೇಳಿ ಸಭೆಯನ್ನು ಸಮಾಧಾನಪಡಿಸುತ್ತಿದ್ದ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ್ದನ್ನು ನೆನೆದರೆ, ಇಂಥ ತಜ್ಞರಿಗೇನೂ ಬರವಿರಲಿಲ್ಲ.

ಇಂಟರ್ವಲ್ಲಿನಲ್ಲಿ ಗೋಲಿ ಸೋಡಾ, ಕಡ್ಲೆಕಾಯಿ, ಗೋಡೆಬದಿಯ ನೂಕುನುಗ್ಗಲು. ಪರದೆಯ ಮೇಲೆ ಬಟ್ಟೆ ಅಂಗಡಿಗಳ ಸ್ಲೈಡುಗಳ ನಡುವೆ, ಇಂಥವರು ಕೂಡಲೇ ಹೊರಗೆ ಬರಬೇಕು ಎಂಬ ಕೈಬರಹದ ಸ್ಲೈಡೂ ಒಮ್ಮೊಮ್ಮೆ ಬೀಳುತ್ತಿತ್ತು. ಆಫೀಸಿಗೆ ಜ್ವರವೆಂದು ಹೇಳಿ ಬಂದವನ ಹೆಸರು ಅದಾಗಿದ್ದರೆ ಇಡೀ ಹಾಲ್ ಕತ್ತು ಹೊರಳಿಸಿ ಹುಡುಕುವುದು. ಅವನೂ ಎಲ್ಲರಂತೆ ಹುಡುಕುವುದು.

ಕೊನೆಯ ಕೆಲಸ ಪ್ರಚಾರದ್ದು. ಶುಭಂ ಬೀಳುವ ಮೊದಲೇ ಪಕ್ಕದ ಬಾಗಿಲುಗಳು ತೆರೆದುಕೊಂಡು, ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡವರ ಹಿಂಡು ಸೈಕಲ್ ಸ್ಟ್ಯಾಂಡಿನತ್ತ ಹೊರಡುತ್ತಿತ್ತು. ಮುಂದಿನ ಆಟದ ಓಣಿಯಲ್ಲಿ ಸಿಕ್ಕಿಬಿದ್ದವರು ಸರಳಿನೊಳಗಿಂದಲೇ “ಹೆಂಗೈತೆ ಪಿಚ್ಚರ್ರು?” ಎಂದು ಕೇಳುತ್ತಿದ್ದರು. ಉತ್ತರ “ಸೂಪರ್” ಅಥವಾ “ಡಬ್ಬಾ”, ಮೂರನೆಯದಿಲ್ಲ. “ಡಬ್ಬಾ” ಎಂದವನ ಮಾತನ್ನು ಅವರು ಪೂರ್ತಿ ನಂಬಿದರೂ ಪ್ರಯೋಜನವಿರಲಿಲ್ಲ. ಆ ಓಣಿಯಲ್ಲಿ ಹಿಂದೆ ತಿರುಗಲು ಜಾಗವಿರಲಿಲ್ಲ.