ದ್ವಿದಿನ ಫ್ಲಾರೆನ್ಸ್ ಮೀಮಾಂಸೆ

ಸೂತ್ರ: ಸೋಮವಾರಂ ವರ್ಜಯೇತ್.

ಭಾಷ್ಯ: ಎರಡೇ ದಿನದಲ್ಲಿ ಫ್ಲಾರೆನ್ಸ್ ಮುಗಿಸಿಬಿಡುತ್ತೇನೆಂದು ಹೊರಡುವ ಅಧಿಕಾರಿಗೆ (ಅಧಿಕಾರಿ ಎಂದರೆ ರಜೆ, ವೀಸಾ, ಗಟ್ಟಿ ಮಂಡಿ ಈ ಮೂರನ್ನೂ ಉಳ್ಳವನು ಎಂದು ತಿಳಿಯತಕ್ಕದ್ದು) ಶಾಸ್ತ್ರ ಹೇಳುವ ಮೊದಲ ಮಾತು ಇದು. ಉಫೀತ್ಸಿ ಗ್ಯಾಲರಿಗೆ ಸೋಮವಾರ ರಜೆ. ಡೇವಿಡ್ ನಿಂತಿರುವ ಅಕಾಡೆಮಿಯಾಕ್ಕೂ ರಜೆ, ಪಿತ್ತಿ ಅರಮನೆಗೂ ರಜೆ. ಇಲ್ಲಿ ಪೂರ್ವಪಕ್ಷಿ ಬಾಯಿ ಹಾಕುತ್ತಾನೆ: ಸೋಮವಾರದ ರಾಹುಕಾಲ ಏಳೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದಲ್ಲ, ಆಮೇಲೆ ಹೋದರೆ? ಉತ್ತರ: ಪಂಚಾಂಗದ ರಾಹು ಒಂದೂವರೆ ಗಂಟೆಗೇ ತೃಪ್ತ, ಇಟಲಿಯ ಸರ್ಕಾರಿ ರಾಹುವಿಗೆ ಇಡೀ ದಿನ ಬೇಕು. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪುಕ್ಕಟೆ ಪ್ರವೇಶ ಎಂಬ ವಾಕ್ಯವನ್ನು ಹಿಡಿದು ಕುಣಿಯುವವರೂ ಇದ್ದಾರೆ. ಅದು ಅರ್ಥವಾದ, ವಿಧಿಯಲ್ಲ. ಆ ದಿನದ ಸಾಲಿನ ತುದಿಯಲ್ಲಿ ನಿಂತವನಿಗೆ ಈ ಭೇದ ತಾನಾಗಿಯೇ ಹೊಳೆಯುತ್ತದೆ.

ಯಾತ್ರಾಕ್ರಮದಲ್ಲಿ ಎರಡು ಮತಗಳಿವೆ. ಸರ್ವದರ್ಶನವಾದಿಗಳು ಎಕ್ಸೆಲ್ ಹಾಳೆಯಲ್ಲಿ ಗಂಟೆಗೊಂದು ಮನೆ ಕಟ್ಟಿ, ಊಟವನ್ನು ಹದಿನೈದು ನಿಮಿಷದ ಮನೆಗೆ ತುರುಕುವವರು. ಷೆಂಗೆನ್ ವೀಸಾ ಅರ್ಜಿಯ ಜೊತೆ ದಿನವಾರು ಯೋಜನೆ ಲಗತ್ತಿಸುವ ಪದ್ಧತಿ ಇರುವುದರಿಂದ ಈ ಮತಕ್ಕೆ ರಾಜಾಶ್ರಯವೂ ಉಂಟು. ಎದುರು ಪಕ್ಷದ ಜೆಲಾತೋವಾದಿಗಳು ಯೋಜನೆಯೇ ಬಂಧನ, ಸುಮ್ಮನೆ ಅಲೆಯುವುದೇ ಮುಕ್ತಿ ಎನ್ನುತ್ತಾರೆ. ಇವರನ್ನು ಸಂದರ್ಶಿಸಬೇಕಾದರೆ ಟಿಕೆಟ್ ಸಿಗದೆ ಬಾಗಿಲಲ್ಲಿ ನಿಂತವರ ಗುಂಪಿನಲ್ಲಿ ಹುಡುಕಬೇಕು.

ಎರಡೂ ಮತದವರ ಹಸ್ತಪ್ರತಿಗಳಲ್ಲಿ "ಮಧ್ಯಾಹ್ನ ಹಾಗೇ ಪೀಸಾ" ಎಂಬ ಸಾಲು ಕಾಣಸಿಗುತ್ತದೆ. ಇದು ಪ್ರಕ್ಷಿಪ್ತ. ಮೂಲಪಾಠದಲ್ಲಿಲ್ಲ, ಶೈಲಿ ನೋಡಿದರೆ ಭಾವಮೈದುನ ಸೇರಿಸಿದ್ದೆಂದು ಗೊತ್ತಾಗುತ್ತದೆ. ರೈಲಿನಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ ಗೋಪುರವನ್ನು ಅಂಗೈಯಲ್ಲಿ ಎತ್ತಿಹಿಡಿದಂತೆ ಫೋಟೋ. ಸಂಪಾದಕರು ನಿರ್ದಾಕ್ಷಿಣ್ಯವಾಗಿ ಕೈಬಿಡತಕ್ಕದ್ದು.

ಇನ್ನು ಆರೋಹಣ ಪ್ರಕರಣ. ದುವೊಮೊದ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಪಕ್ಕದ ಜೊತ್ತೊ ಗಂಟೆಗೋಪುರಕ್ಕೆ 414. ಎರಡನ್ನೂ ಒಂದೇ ಬೆಳಿಗ್ಗೆಗೆ ಬರೆದುಕೊಂಡವನು ಕೂಡಿ ನೋಡಿಲ್ಲವೆಂದೇ ಅರ್ಥ. ಗುಮ್ಮಟವೊಂದೇ ಸಾಕೆಂಬುದು ನಮ್ಮ ಪಕ್ಷ, ಅದಕ್ಕೆ ಕಾರಣವೂ ಇದೆ. 1420ರಿಂದ 1436ರವರೆಗೆ ಬ್ರುನೆಲೆಸ್ಕಿ ಅದನ್ನು ನೆಲದಿಂದ ಮರದ ಆಸರೆ ಕೊಡದೆ, ಒಂದರೊಳಗೊಂದು ಎರಡು ಚಿಪ್ಪಾಗಿ ಎಬ್ಬಿಸಿದ. ಇವತ್ತು ನಾವು ಹತ್ತುವುದು ಆ ಎರಡು ಚಿಪ್ಪುಗಳ ಸಂದಿಯಲ್ಲೇ. ಮೇಲೆ ಹೋದಂತೆ ಗೋಡೆ ನಮ್ಮ ಮೇಲೇ ವಾಲಿಕೊಂಡು ಬರುತ್ತದೆ, ಓರೆಯಾಗಿ ಹೆಣೆದ ಇಟ್ಟಿಗೆಗಳು ಕೈಗೆ ಎಟಕುತ್ತವೆ, ಹಿಂದಿನವರ ಏದುಸಿರು ಕತ್ತಿಗೆ ತಾಗುತ್ತದೆ. ನಡುವೆ ಒಂದು ಕಡೆ ದಾರಿ ಗುಮ್ಮಟದ ಒಳಮೈಗೆ ತೆರೆದುಕೊಳ್ಳುತ್ತದೆ. ಅಲ್ಲಿ ವಸಾರಿ ಆರಂಭಿಸಿ ಜುಕ್ಕಾರಿ 1579ರಲ್ಲಿ ಮುಗಿಸಿದ ಅಂತಿಮ ತೀರ್ಪಿನ ಚಿತ್ರವಿದೆ. ಅದರಲ್ಲಿ ನರಕ ಕೆಳಗಿನ ಸಾಲಿನಲ್ಲಿರುವುದರಿಂದ, ಮಂಡಿ ಹಿಡಿದು ನಿಂತ ಯಾತ್ರಿಕನ ಮುಖದ ಸಮಕ್ಕೆ ಬರುವುದು ಯಮದೂತರೇ. ಸ್ವರ್ಗ ಮೇಲಿದೆ, ಮೆಟ್ಟಿಲೂ ಇನ್ನೂ ಬಾಕಿ ಇವೆ.

ಬಿಂಬ-ಪ್ರತಿಬಿಂಬ ವಿಚಾರಕ್ಕೆ ಬರೋಣ. ಡೇವಿಡ್ ಮೂವರು. ಮೂಲಮೂರ್ತಿ 1873ರಿಂದ ಅಕಾಡೆಮಿಯಾದೊಳಗೆ. ಸಿನ್ಯೊರಿಯಾ ಚೌಕದ ಬಯಲಲ್ಲಿ 1910ರ ಅಮೃತಶಿಲೆಯ ಪ್ರತಿ. ಊರಾಚೆ ಗುಡ್ಡದ ಮೇಲೆ ಕಂಚಿನದು. ಪೂರ್ವಪಕ್ಷ: ಚೌಕದವನನ್ನು ನೋಡಿದರೂ ದರ್ಶನಫಲ ಬಂತು, ಟಿಕೆಟ್ಟೂ ಉಳಿಯಿತು. ಈ ವಾದದಲ್ಲಿ ಹುರುಳಿಲ್ಲದಿಲ್ಲ, ಉತ್ಸವಮೂರ್ತಿಗೆ ಕೈಮುಗಿಯುವ ನಮಗಂತೂ ಸಲೀಸಾಗಿ ಒಪ್ಪಿಗೆಯಾಗುವಂಥದ್ದು. ಆದರೂ ಸಿದ್ಧಾಂತ ಬೇರೆ. ಇನ್ನೊಬ್ಬ ಶಿಲ್ಪಿ ಕೊರೆಯತೊಡಗಿ ಕೈಬಿಟ್ಟು, ದಶಕಗಳ ಕಾಲ ಅಂಗಳದಲ್ಲಿ ಬಿದ್ದಿದ್ದ ಕಲ್ಲಿನಿಂದ ಮೈಕೆಲೆಂಜೆಲೊ 1501ರಿಂದ 1504ರ ನಡುವೆ ಇವನನ್ನು ಹೊರತೆಗೆದ. ಹತ್ತಿರ ಹೋದರೆ ಬಲಗೈ ದೇಹದ ಅಳತೆಗೆ ದೊಡ್ಡದು, ಅದರ ಬೆನ್ನಲ್ಲಿ ನರ ಉಬ್ಬಿದೆ; ಹುಬ್ಬುಗಳ ನಡುವೆ ಗಂಟು. ಅವನಿನ್ನೂ ಕಲ್ಲು ಬೀಸಿಲ್ಲ. ಈ ಒಂದು ಹಸ್ತಕ್ಕೆ ಕಾಲು ಗಂಟೆ ಮೀಸಲಿಡದ ಎಕ್ಸೆಲ್ ಹಾಳೆ ಅಪ್ರಮಾಣ.

1817ರಲ್ಲಿ ಫ್ರೆಂಚ್ ಲೇಖಕ ಸ್ತಾಂಧಾಲ್ ಸಾಂತಾ ಕ್ರೋಚೆ ಚರ್ಚಿನಿಂದ ಹೊರಬಿದ್ದಾಗ ಎದೆ ಡವಗುಟ್ಟಿ, ಬಿದ್ದೇ ಹೋಗುತ್ತೇನೆಂದು ಹೆದರಿದನಂತೆ. ಮುಂದೆ ಮನೋವೈದ್ಯೆ ಗ್ರಾಜಿಯೆಲ್ಲಾ ಮಗೆರಿನಿ, ಕಲೆ ಕಂಡು ತಲೆಸುತ್ತಿದ ಪ್ರವಾಸಿಗಳ ಅವಸ್ಥೆಗೆ ಅವನ ಹೆಸರನ್ನೇ ಇಟ್ಟರು. ಇದು ಸೌಂದರ್ಯಾನುಭವವೋ ಉಪವಾಸವೋ ಎಂದು ನಿರ್ಣಯಿಸಲು ಮೊದಲು ಏನಾದರೂ ತಿನ್ನಿಸಿ ನೋಡಬೇಕು. ತಸ್ಕನಿಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಚೀಲದಲ್ಲಿ ಉಪ್ಪಿನಕಾಯಿ ಇಟ್ಟುಕೊಂಡವನ ದೂರದೃಷ್ಟಿಯನ್ನು ಶಾಸ್ತ್ರ ಕೊಂಡಾಡುತ್ತದೆ. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿಯತಕ್ಕದ್ದು, ಕೂತರೆ ಬೆಲೆ ಏರುತ್ತದೆ. ದರ್ಶಿನಿಗಳಲ್ಲಿ ಪಳಗಿದ ಬೆಂಗಳೂರಿಗರಿಗೆ ಇದಕ್ಕೆ ಬೇರೆ ದೀಕ್ಷೆ ಬೇಡ.

ಪಾಂತೆ ವೆಕ್ಕಿಯೊ ಸೇತುವೆ ದಾಟಲು ಐದು ನಿಮಿಷ ಎಂದು ಹಾಳೆ ಹೇಳುತ್ತದೆ. 1593ರಲ್ಲಿ ಒಂದನೇ ಫರ್ಡಿನಾಂಡೊ ಅಲ್ಲಿದ್ದ ಕಸಾಯಿಗಳನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಆ ಐದು ನಿಮಿಷವನ್ನು ಸಾಧಿಸಿದ ಗೃಹಸ್ಥನನ್ನು ನಾವು ಕಂಡಿಲ್ಲ.

ಇಷ್ಟಕ್ಕೂ ಎರಡು ದಿನ ಸಾಲದಿರುವುದು ಯಾರ ತಪ್ಪು? ದೂಷ್ಯರನ್ನು ಹೆಸರಿಸಲು ಶಾಸ್ತ್ರ ಹಿಂಜರಿಯುವುದಿಲ್ಲ: ಅನ್ನಾ ಮರಿಯಾ ಲೂಯಿಸಾ, ಮೆದಿಚಿ ಮನೆತನದ ಕೊನೆಯ ಕುಡಿ. 1737ರಲ್ಲಿ ತಮ್ಮ ತೀರಿಕೊಂಡು ರಾಜ್ಯ ಲೊರೇನ್ ವಂಶದ ಪಾಲಾದಾಗ, ಈಕೆ ಚಿತ್ರ, ಶಿಲ್ಪ, ಪುಸ್ತಕಗಳನ್ನೆಲ್ಲ ಅವರಿಗೆ ಬಿಟ್ಟುಕೊಟ್ಟಳು. ಷರತ್ತು ಒಂದೇ, ಒಂದೂ ಊರು ಬಿಟ್ಟು ಹೋಗಕೂಡದು. ರಾಜ್ಯಕ್ಕೆ ಭೂಷಣ, ಜನರಿಗೆ ಉಪಯೋಗ ಎಂದದ್ದಲ್ಲದೆ ಪರದೇಶಿಗಳ ಕುತೂಹಲ ಸೆಳೆಯಲಿಕ್ಕೆಂದೂ ಕರಾರಿನಲ್ಲೇ ಬರೆಸಿದಳು. ಅಂದರೆ ನಾವು ಬರುವುದು ಆಕೆಗೆ ಮೊದಲೇ ಗೊತ್ತಿತ್ತು. ಸುಮ್ಮನಿದ್ದಿದ್ದರೆ ಬೊಟ್ಟಿಚೆಲ್ಲಿಯ ವೀನಸ್ ಬಹುಶಃ ವಿಯೆನ್ನಾ ಸೇರುತ್ತಿದ್ದಳು, ಫ್ಲಾರೆನ್ಸ್ ಅರ್ಧ ದಿನದಲ್ಲಿ ಮುಗಿಯುತ್ತಿತ್ತು, ಭಾವಮೈದುನನ ಪೀಸಾವೂ ನಡೆದುಹೋಗುತ್ತಿತ್ತು.

ಪ್ರಾಯಶ್ಚಿತ್ತ: ಎಲ್ಲ ತಿಳಿದೂ ಸೋಮವಾರವೇ ಬಂದಿಳಿದವನು ಸಾಂತಾ ಕ್ರೋಚೆಗೆ ಹೋಗತಕ್ಕದ್ದು, ಅದು ಅಂದು ತೆರೆದಿರುತ್ತದೆ. ಮೈಕೆಲೆಂಜೆಲೊ, ಗೆಲಿಲಿಯೊ, ಮಾಕಿಯವೆಲ್ಲಿ ಮೂವರೂ ಅಲ್ಲೇ ಮಲಗಿದ್ದಾರೆ. ದಾಂತೆಗೂ ಭವ್ಯವಾದ ಸಮಾಧಿಯಿದೆ, ಒಳಗೆ ದಾಂತೆ ಇಲ್ಲ. 1302ರಲ್ಲಿ ಊರು ಅವನನ್ನು ಗಡೀಪಾರು ಮಾಡಿತು, 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಫ್ಲಾರೆನ್ಸ್ ಮೂಳೆಗಳನ್ನು ಮತ್ತೆ ಮತ್ತೆ ಕೇಳಿತು, ರವೆನ್ನಾ ಕೊಡಲಿಲ್ಲ. ಅನ್ನಾ ಮರಿಯಾಳ ಕರಾರು ಅವನ ಪಾಲಿಗೆ 435 ವರ್ಷ ತಡ.