ಶೋಧಗಂಗೆಯ ಭಗೀರಥ

ವಿಶ್ವವಿದ್ಯಾನಿಲಯಗಳ ಆವರಣದಲ್ಲಿ ಕಿಂಚಿತ್ಕಾಲವಾದರೂ ಓಡಾಡಿದವರಿಗೆ ಈ ಮಹಾಶಯನ ಪರಿಚಯವಿಲ್ಲದಿರಲಾರದು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕಣ್ಣಿನಲ್ಲಿ ನಿದ್ರಾಹೀನತೆಯ ಕೆಂಪು, ಬಾಯಲ್ಲಿ ‘ಸಾಹಿತ್ಯ ಸಮೀಕ್ಷೆ ನಡೀತಾ ಇದೆ ಸಾರ್’ ಎಂಬ ನಿತ್ಯಮಂತ್ರ. ಪಿಎಚ್.ಡಿ. ಪದವಿಗೆ ಬೇಕಾದ ಸಕಲ ಸಾಮಗ್ರಿಯೂ ಅವನಲ್ಲುಂಟು. ಸಂಶೋಧನಾ ಪ್ರಶ್ನೆಯೊಂದು ಮಾತ್ರ ಇಲ್ಲ. ನನ್ನ ಪಾಲಿಗೆ ಬಂದವನು ಕೋಲಾರದ ಕಡೆಯ ತರುಣ, ವಿನಯಶೀಲ, ಬಂದಾಗಲೆಲ್ಲ ತೋಟದ ಮಾವಿನಹಣ್ಣನ್ನು ತರುವವನಾದುದರಿಂದ ಅವನನ್ನು ಎದುರಿಗೆ ಗದರಿಸುವುದು ಕೃತಘ್ನತೆಯೆನಿಸಿ, ಆ ಕಾರ್ಯವನ್ನು ಈ ಬರೆಹಕ್ಕೆ ಮೀಸಲಿರಿಸಿದ್ದೇನೆ.

ಅವನು ಆರಿಸಿಕೊಂಡದ್ದು ‘ಕರ್ನಾಟಕದ ಕೆರೆಗಳು’. ಇದು ವಿಷಯವೇ ಹೊರತು ಪ್ರಶ್ನೆಯಲ್ಲವೆಂದೂ, ಹಿಂದಿನವರು ಏನನ್ನು ಕೇಳಿದ್ದಾರೆ, ಏನನ್ನು ಕೇಳದೆ ಬಿಟ್ಟಿದ್ದಾರೆ ಎಂಬುದನ್ನು ಡೇಟಾಬೇಸುಗಳಲ್ಲಿ ನೋಡಿಕೊಂಡು ಅದನ್ನು ಕಿರಿದುಗೊಳಿಸಬೇಕೆಂದೂ ನಾನು ಹೇಳಿದೆನು. ಅಂದೇ ರಾತ್ರಿ, ಸಜ್ಜನರು ಮಲಗುವ ಹೊತ್ತಿನಲ್ಲಿ, ಫೋನು ಬಂದಿತು. “ಸಾರ್, ಲಕ್ಷಗಟ್ಟಲೆ ಬಂದಿವೆ ಸಾರ್!” ಗೂಗಲ್ ಸ್ಕಾಲರಿನಲ್ಲಿ ಇಂಗ್ಲಿಷಿನ ‘ಟ್ಯಾಂಕ್’ ಎಂಬ ಏಕಪದವನ್ನು ಅವನು ಟೈಪಿಸಿದ್ದನು, ರಣರಂಗದ ಟ್ಯಾಂಕು, ಪೆಟ್ರೋಲಿನ ಟ್ಯಾಂಕು, ಮೀನು ಸಾಕುವ ಗಾಜಿನ ತೊಟ್ಟಿ ಇವೆಲ್ಲವೂ ನಮ್ಮ ಕೆರೆಗಳೊಡನೆ ಏಕಪಂಕ್ತಿಯಲ್ಲಿ ಕುಳಿತಿದ್ದವು. ಜೋಡಿಪದವನ್ನು ಉದ್ಧರಣ ಚಿಹ್ನೆಯೊಳಗಿಡು, ಊರಿನ ಹೆಸರನ್ನು ‘ಆಂಡ್’ ಹಾಕಿ ಸೇರಿಸು, ಬೇಡದ್ದನ್ನು ಹೊರಗೆ ಕಳುಹಿಸು ಎಂದು ಉಪದೇಶಿಸಿದೆ. ಮರುರಾತ್ರಿ ಆನಂದಾತಿರೇಕದಿಂದ ಗದ್ಗದಿತವಾದ ಅದೇ ಧ್ವನಿ: “ಸಾರ್, ಸೊನ್ನೆ! ಯಾರೂ ಕೈಹಾಕದ ಕ್ಷೇತ್ರ ಸಾರ್!” ವಿಚಾರಿಸಲಾಗಿ, ತನ್ನ ಪ್ರಬಂಧದ ಸುದೀರ್ಘ ಶೀರ್ಷಿಕೆಯನ್ನು ಆಮೂಲಾಗ್ರವಾಗಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿದ್ದನೆಂದು ತಿಳಿಯಿತು. ಆ ಪದಪಂಕ್ತಿಯನ್ನು ಅದೇ ಅನುಕ್ರಮದಲ್ಲಿ ಬರೆಯುವ ಸಾಹಸವನ್ನು ಭೂಮಂಡಲದಲ್ಲಿ ಅವನಲ್ಲದೆ ಮತ್ತಾರೂ ಮಾಡಿರಲಿಲ್ಲ, ನಿಜ.

ಮೈಸೂರಿನ ಪ್ರಸಂಗವು ಇದಕ್ಕಿಂತ ಘೋರ. 2014ರ ನವೆಂಬರ್ 1ರಿಂದ ನಮ್ಮ ಊರುಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬರೆಯತೊಡಗಿದರಷ್ಟೆ. ಅಭಿಮಾನಿಯಾದ ಈತನು ಹೊಸ ಕಾಗುಣಿತವನ್ನಷ್ಟೇ ಕೊಟ್ಟು ಹುಡುಕಿ, ಆ ವರ್ಷಕ್ಕೆ ಮೊದಲು ಮೈಸೂರಿನ ಕೆರೆಗಳ ಬಗೆಗೆ ವಿದ್ವಾಂಸರು ಮೌನವ್ರತದಲ್ಲಿದ್ದರೆಂಬ ಸಿದ್ಧಾಂತವನ್ನು ಮಂಡಿಸಿದನು. 1973ರವರೆಗೆ ಇಡೀ ರಾಜ್ಯಕ್ಕೇ ಮೈಸೂರೆಂದು ಹೆಸರಿದ್ದಿತೆಂದೂ, ಹಳೆಯ ರೂಪ ಹೊಸ ರೂಪಗಳೆರಡನ್ನೂ ‘ಆರ್’ ಎಂದು ಜೋಡಿಸಬೇಕೆಂದೂ ತಿಳಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ಈ ಆಂಡ್, ಆರ್, ನಾಟ್‌ಗಳ ತರ್ಕಕ್ಕೆ ಬೀಜಗಣಿತದ ರೂಪವನ್ನಿತ್ತ ಜಾರ್ಜ್ ಬೂಲ್ ಮಹಾಶಯನು ತನ್ನ ಮುಖ್ಯ ಗ್ರಂಥವನ್ನು 1854ರಲ್ಲಿಯೇ ಪ್ರಕಟಿಸಿದನು. ನಮ್ಮವನಿಗೆ ಅದು ಇನ್ನೂ ತಲುಪಿರಲಿಲ್ಲ.

ಇಳಿಸಿಕೊಂಡುದೆಲ್ಲ ಓದಿದಂತೆಯೇ ಎಂಬುದು ಈ ಜಾತಿಯ ಮತ್ತೊಂದು ನಂಬಿಕೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದವರು ನಡೆಸುವ ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ‘ಶೋಧಗಂಗಾ’ದಿಂದ ಅಧ್ಯಾಯಗಳನ್ನು ಇವನು ಇಳಿಸಿಕೊಂಡ ಪರಿಯನ್ನು ಕಂಡಿದ್ದರೆ ಭಗೀರಥನೂ ಬೆರಗಾಗುತ್ತಿದ್ದನು. ಪುರಾಣದ ಭಗೀರಥನಿಗೆ ನೀರು ಏತಕ್ಕೆ ಬೇಕೆಂಬುದಾದರೂ ತಿಳಿದಿದ್ದಿತು. (ಕೊಂಡು ಓದದೆ ಇಟ್ಟ ಗ್ರಂಥಗಳಿರುವ ನನ್ನ ಬೀರುವಿನ ಕಡೆಗೆ ಈ ವಾಕ್ಯವನ್ನು ಬರೆಯುವಾಗ ನಾನು ನೋಡುತ್ತಿಲ್ಲ.) ನಮ್ಮ ಕಾಲದಲ್ಲಿ ಗ್ರಂಥಾಲಯದ ಕಾರ್ಡು ಪೆಟ್ಟಿಗೆಯಲ್ಲಿ ಇದ್ದಷ್ಟೇ ಲೋಕ; ಮೂರು ಪುಸ್ತಕ ದೊರೆತರೆ ಆ ಮೂರಕ್ಕೆ ತಕ್ಕ ಪ್ರಶ್ನೆಯನ್ನು ಕೇಳಿ ಪಂಡಿತರೆನಿಸಿಕೊಳ್ಳುತ್ತಿದ್ದೆವು. ನಮ್ಮ ಪ್ರಶ್ನೆಗಳನ್ನು ದಾರಿದ್ರ್ಯವೇ ಕಿರಿದುಗೊಳಿಸುತ್ತಿತ್ತು. ಪಾಪ, ಈ ಹುಡುಗನಿಗೆ ಆ ಅನುಕೂಲವಿಲ್ಲ. ಬೇಡವೆನ್ನುವುದನ್ನು ಅವನು ತಾನಾಗಿಯೇ ಕಲಿಯಬೇಕು.

ಕಲಿತನು. ಒಂದು ಮಧ್ಯಾಹ್ನ, ಬಹುಶಃ ವಿದ್ಯುತ್ತು ಹೋಗಿದ್ದುದರಿಂದಲೋ ಏನೋ, ಮುದ್ರಿಸಿಕೊಂಡಿದ್ದ ಲೇಖನವೊಂದನ್ನು ಆದಿಯಿಂದ ಅಂತ್ಯದವರೆಗೆ ಓದಿ, ಅದರ ಅಡಿಟಿಪ್ಪಣಿಗಳಲ್ಲಿ ಇಳಿದು, ಕೆರೆಯ ತೂಬನ್ನು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿಯ ಹತ್ತಿರ ಬಂದು ನಿಂತನು. “ಸಾರ್, ನಮ್ಮ ತಾತ ನೀರುಗಂಟಿಯಾಗಿದ್ದರು” ಎಂದನು, ಸಂಕೋಚದಿಂದ, ಅದು ಸಂಶೋಧನೆಗೆ ಸಲ್ಲದ ಮಾತೆಂಬಂತೆ. ಆ ಬಳಿಕ ಆ ಪದವನ್ನು ಇಂಗ್ಲಿಷಿನ ನಾಲ್ಕಾರು ಕಾಗುಣಿತಗಳಲ್ಲಿ ಕೊಟ್ಟು, ಕಾಲವನ್ನೂ ಜಿಲ್ಲೆಯನ್ನೂ ಬಿಗಿಮಾಡಿ, ಪ್ರತಿಯೊಂದು ಸಾರಾಂಶವನ್ನೂ ಓದಿ, ಬೇಡದ್ದನ್ನು ಕೈಬಿಟ್ಟನು. ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆಯ ತರುವಾಯ ಕೋಲಾರದ ಕೆರೆಗಳಲ್ಲಿ ನೀರು ಹಂಚುವ ಅಧಿಕಾರ ಯಾರ ಕೈಸೇರಿತು? ಅವನ ಪ್ರಶ್ನೆ ಈಗ ಇಷ್ಟೇ. ಇದನ್ನು ಅವನಿಗೆ ನಾನು ಹೇಳಿಕೊಡಲಿಲ್ಲವೆಂಬ ಅಸಮಾಧಾನವೊಂದನ್ನು ಬಿಟ್ಟರೆ ಇದರಲ್ಲಿ ದೋಷ ಕಾಣೆನು.

ಸದ್ಯಕ್ಕೆ ಅವನು ಹಳೆಯ ಕಡತಗಳಿಗಾಗಿ ತಾಲ್ಲೂಕು ಕಚೇರಿಯೊಂದರ ದಾಖಲೆ ಕೊಠಡಿಗೆ ಅಲೆಯುತ್ತಿದ್ದಾನೆ. ಅಲ್ಲಿ ಆಂಡ್, ಆರ್, ನಾಟ್ ಯಾವುದೂ ನಡೆಯುವುದಿಲ್ಲ. ಗುಮಾಸ್ತರೊಬ್ಬರಿದ್ದಾರೆ, ಬೀಗದ ಕೈ ಅವರಲ್ಲಿದೆ, ಅವರು ರಜೆಯ ಮೇಲಿದ್ದಾರೆ.