ಆಕೆ ನಾಯಿ ಸಾಕಿಲ್ಲವಂತೆ

ಕೊಡೇಕಲ್ಲಿನ ಯಾವ ಓಣಿಗೆ ಬೇಕಾದರೂ ಹೋಗಿ. ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿ ಕೂಡಿಸಿಕೊಂಡು ಉಣಿಸುತ್ತಿರುವ ಒಬ್ಬ ಅಜ್ಜಿ ಸಿಕ್ಕೇ ಸಿಗುತ್ತಾಳೆ. ಅವಳ ಕಾಲ ಬಳಿ ಕೆಂಚು ಬಣ್ಣದ ಒಂದು ನಾಯಿ ಇರುತ್ತದೆ. 'ನಾಯಿ ನಿಮ್ಮದೇನ್ರೀ?' ಎಂದು ಕೇಳಿ ನೋಡಿ. 'ಅಯ್ಯ, ನಮ್ದ್ಯಾಕ ಆಗ್ತದರೀ? ಎಲ್ಲಿಂದೋ ಬಂದು ಬಿದ್ದದ' ಎಂಬ ಉತ್ತರ ತಯಾರಿರುತ್ತದೆ. ಈ ಮಾತು ಹೇಳುವಾಗ ಆ ನಾಯಿ ಅವಳ ಚಪ್ಪಲಿಯ ಮೇಲೆ ಗದ್ದ ಊರಿ ಮಲಗಿರುತ್ತದೆ. ಅವಳು ಎಡಗಾಲಿನ ಹೆಬ್ಬೆರಳಿನಿಂದ ಅದರ ಕಿವಿಯ ಹಿಂದೆ ಕೆರೆಯುತ್ತಿರುತ್ತಾಳೆ. ಬಾಯಿ ಒಂದು ಹೇಳುವಾಗ ಕಾಲು ಇನ್ನೊಂದು ಹೇಳಿದರೆ ನಾನಂತೂ ಕಾಲನ್ನೇ ನಂಬುವವನು. ನನ್ನ ವಾದ ಇಷ್ಟೇ: ಆಕೆ ನಾಯಿ ಸಾಕಿದ್ದಾಳೆ. ಅದು ಓಣಿಗೆಲ್ಲ ಗೊತ್ತು, ನಾಯಿಗೂ ಗೊತ್ತು, ಒಪ್ಪಲೊಲ್ಲದವಳು ಆಕೆ ಒಬ್ಬಳೇ. ಇಂಥ ಅಜ್ಜಿಯರ ಪರಿಚಯ ನನಗೆ ದೂರದಿಂದ ಮಾತ್ರ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತ ಯಾರಿಗಾದರೂ ಬೇರೆ ಅನುಮಾನ ಬಂದರೆ ಅದಕ್ಕೆ ನಾನು ಹೊಣೆಯಲ್ಲ.

ಮೊದಲನೆಯ ಸಾಕ್ಷಿ ಒಲೆಯ ಮುಂದೆಯೇ ಇದೆ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ಮಗುಚಿ ಸುಡುವ ಕೆಲಸ ಮುಗಿಯುವ ಹೊತ್ತಿಗೆ ಪರಾತದಲ್ಲಿ ಒಂದಿಷ್ಟು ಹಿಟ್ಟು ಉಳಿಯುತ್ತದೆ. ಅದರಲ್ಲಿ ಅಂಗೈಯಗಲದ ರೊಟ್ಟಿ ಬಡಿದು ಕೂಸಿನ ಕೈಗೆ ಕೊಡುವುದು ಈ ಕಡೆ ವಾಡಿಕೆ. ಆದರೆ ನಮ್ಮ ಅಜ್ಜಿಯ ಪರಾತದಲ್ಲಿ ಎರಡು ಸಣ್ಣ ರೊಟ್ಟಿಗೆ ಆಗುವಷ್ಟು ಹಿಟ್ಟು ಉಳಿಯುತ್ತದೆ, ಅದೂ ದಿನಾ ಉಳಿಯುತ್ತದೆ. ಬುದ್ಧಿ ಬಂದಾಗಿನಿಂದ ರೊಟ್ಟಿ ಬಡಿಯುತ್ತ ಬಂದ ಕೈ ಪ್ರತಿದಿನ ಅದೇ ಒಂದು ಮುಷ್ಟಿಯಷ್ಟು ಅಳತೆ ತಪ್ಪುತ್ತದೆ ಎಂದರೆ ಯಾರು ಒಪ್ಪುತ್ತಾರೆ? ಆ ಎರಡನೆಯ ರೊಟ್ಟಿಯ ಹತ್ತಿರ ಪುಂಡಿಪಲ್ಲೆಯನ್ನಾಗಲಿ ಶೇಂಗಾಹಿಂಡಿಯನ್ನಾಗಲಿ ಆಕೆ ಸುಳಿಯಗೊಡುವುದಿಲ್ಲ. 'ಖಾರ ಅದ, ಅದಕ್ಕ ತಡ್ಯಂಗಿಲ್ಲ' ಅನ್ನುತ್ತಾಳೆ. ಮನೆಯ ಗಂಡಸರ ಹೊಟ್ಟೆಯ ಬಗ್ಗೆ ಇಂಥ ವಿಚಾರಣೆ ನಡೆದದ್ದನ್ನು ಯಾರೂ ಕೇಳಿಲ್ಲ. ಇನ್ನು 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಮುಂದೆ ಎಡದಂಡೆ ಕಾಲುವೆಯ ನೀರು ಹೊಲಗಳಿಗೆ ಹರಿದ ಮೇಲೆ ಈ ಭಾಗದಲ್ಲಿ ಭತ್ತ ಹಬ್ಬಿತು, ರಾತ್ರಿಯ ಊಟಕ್ಕೆ ಅನ್ನ ಬಂತು. ನಾಯಿಗೂ ಬಂತು. ಬರೀ ಅನ್ನ ಹಾಕಿದರೆ ಅದು ಮೂಸಿ ನೋಡಿ ಬಿಡುತ್ತದೆ, ಮಜ್ಜಿಗೆ ಕಲಸಬೇಕು, ಮಜ್ಜಿಗೆ ಹುಳಿ ಬಂದಿರಬಾರದು ಎಂಬುದೆಲ್ಲ ಆಕೆಗೆ ಬಾಯಿಪಾಠ. ಎಲ್ಲಿಂದಲೋ ಬಂದು ಬಿದ್ದ ನಾಯಿಗೆ ಮಜ್ಜಿಗೆಯ ಹುಳಿ ಆಗಿಬರುವುದಿಲ್ಲ ಎಂದು ತಿಳಿಯಬೇಕಾದರೆ ಕೆಲವು ದಿನಗಳ ಅಧ್ಯಯನವಾದರೂ ಬೇಕಲ್ಲ.

ಎರಡನೆಯ ಸಾಕ್ಷಿಯನ್ನು ತುಸು ವಿವರವಾಗಿ ಮಂಡಿಸಬೇಕಾಗಿದೆ, ಯಾಕೆಂದರೆ ಸಿಟ್ಟು ಬರುವುದು ಇಲ್ಲಿಯೇ. ಒಂದೂವರೆ ವರ್ಷದ ಕೂಸು ಸುಮ್ಮನೆ ಬಾಯಿ ತೆರೆಯುವ ಪ್ರಾಣಿಯಲ್ಲ. ಹಾಲಿನಲ್ಲಿ ಮುರಿದು ನೆನೆಸಿದ ರೊಟ್ಟಿಯ ತುತ್ತು ಹತ್ತಿರ ಬಂದೊಡನೆ ಅದು ತುಟಿ ಬಿಗಿದು ಮುಖ ಹೊರಳಿಸುತ್ತದೆ. ಆಗ ನಾಯಿಯನ್ನು ಕೆಲಸಕ್ಕೆ ಹಚ್ಚಲಾಗುತ್ತದೆ. 'ನೋಡಲ್ಲಿ, ಕುನ್ನಿ ತಿಂತದ ನೋಡು, ಕೊಟ್ಟುಬಿಡ್ಲಿ ಅದಕ್ಕ?' ಕೂಸಿಗೆ ಹೊಟ್ಟೆಕಿಚ್ಚು ಹುಟ್ಟಿ ಬಾಯಿ ತೆರೆದರೆ ತುತ್ತು ಒಳಗೆ. ತೆರೆಯದಿದ್ದರೆ ಅಜ್ಜಿಯ ಮಾತು ಸುಳ್ಳಾಗಬಾರದು, ತುತ್ತು ನಾಯಿಗೆ. ಸ್ವಲ್ಪ ಹೊತ್ತಿಗೆ ಕೂಸಿಗೂ ಆಟದ ಮರ್ಮ ತಿಳಿದು, ಬಾಯಿಯೊಳಗಿನದನ್ನೂ ತೆಗೆದು ತಾನೇ ಕೈಯಾರೆ ದಾನ ಮಾಡುತ್ತದೆ. ನಾಯಿ ಎಲ್ಲಿಯೂ ಅವಸರ ಮಾಡುವುದಿಲ್ಲ. ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆಂದು ಅದು ಬಲ್ಲದು. ಒಂದು ಬಟ್ಟಲು ಖಾಲಿಯಾಗಲು ಮುಕ್ಕಾಲು ಗಂಟೆ. ಒಳಗೆ ಊಟಕ್ಕೆ ಕಾದು ಕುಳಿತ ದೊಡ್ಡವರು ಯಾರಾದರೂ ಇದ್ದರೆ ಅವರ ಪಲ್ಲೆ ಆರುತ್ತದೆ, ರೊಟ್ಟಿ ಚರ್ಮವಾಗುತ್ತದೆ, ಅವರನ್ನು ಕೇಳುವವರಿಲ್ಲ. (ಇದು ಸಾಮಾನ್ಯ ಅವಲೋಕನ ಮಾತ್ರ.) ರಾತ್ರಿ ಬೆಂಗಳೂರಿನಿಂದ ಮಗ-ಸೊಸೆ ವಿಡಿಯೋ ಕಾಲ್ ಮಾಡಿ 'ಉಂಡ್ಯಾನೇನು?' ಎಂದು ಕೇಳಿದಾಗ ಆಕೆ ಖಾಲಿ ಬಟ್ಟಲನ್ನೇ ಫೋನಿನ ಮುಂದೆ ಹಿಡಿಯುತ್ತಾಳೆ. ಸುಳ್ಳು ಹೇಳಿದಂತಾಗಲಿಲ್ಲ, ಬಟ್ಟಲು ಖಾಲಿ ಇರುವುದು ನಿಜ. ಆದರೆ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಕೂಸನ್ನು ತೂಕಕ್ಕೆ ಹಾಕುತ್ತಾರೆ. ಅಲ್ಲಿಯ ಕಾರ್ಯಕರ್ತೆ ತಕ್ಕಡಿಯ ಮುಳ್ಳನ್ನೊಮ್ಮೆ, ಬಾಗಿಲಲ್ಲಿ ಕುಳಿತ ನಾಯಿಯ ಮೈಯನ್ನೊಮ್ಮೆ ನೋಡಿ ಏನೂ ಮಾತಾಡದೆ ಬರೆದುಕೊಳ್ಳುತ್ತಾಳೆ.

ಉಣಿಸಿದ ಮಾತ್ರಕ್ಕೆ ಸಾಕಿದಂತಾಯಿತೇ, ಇರುವೆಗೆ ಸಕ್ಕರೆ, ಕಾಗೆಗೆ ಅನ್ನ ಹಾಕುವುದಿಲ್ಲವೇ ಎಂದು ಆಕೆಯ ಪರ ವಕೀಲರು ಕೇಳಬಹುದು. ಕೇಳಲಿ. ಕಾಗೆ ಒಂದು ದಿನ ಬರದಿದ್ದರೆ ಯಾರೂ ಅಂಗಳಕ್ಕೆ ಇಳಿದು ನೋಡುವುದಿಲ್ಲ. ನಾಯಿ ಒಂದು ಸಂಜೆ ಕಾಣದಿದ್ದರೆ ಆಕೆಗೆ ಇದ್ದಕ್ಕಿದ್ದಂತೆ ಎಲೆ-ಅಡಿಕೆ ತೀರಿದ್ದು ನೆನಪಾಗುತ್ತದೆ. ಓಣಿಯಲ್ಲೇ ಅಂಗಡಿಯಿದ್ದರೂ ಬಸ್‌ಸ್ಟ್ಯಾಂಡಿನವರೆಗೆ ಹೋಗುತ್ತಾಳೆ, ಕೂಸನ್ನು ಬಗಲಲ್ಲಿ ಇಟ್ಟುಕೊಂಡು, ದಾರಿಯುದ್ದಕ್ಕೂ ಅಡ್ಡ ಓಣಿಗಳಲ್ಲಿ ಹಣಿಕುತ್ತ. ಅದು ಸಿಕ್ಕಾಗ ಬೈಯುವ ಬೈಗುಳವಿದೆಯಲ್ಲ, ಅಷ್ಟು ಉದ್ದದ ಬೈಗುಳವನ್ನು ಪರರ ನಾಯಿಗಾಗಿ ಯಾರೂ ಖರ್ಚು ಮಾಡುವುದಿಲ್ಲ. ಅದಕ್ಕೆ ಹೆಸರೇ ಇಟ್ಟಿಲ್ಲವಲ್ಲ ಎಂಬ ಇನ್ನೊಂದು ಆಕ್ಷೇಪವಿದೆ. ಇಟ್ಟಿಲ್ಲ, ನಿಜ. 'ಹಚಾ' ಎಂದು ಓಡಿಸುವುದನ್ನೇ ಕೇಳಿ ಕೇಳಿ ನಾಯಿ ಅದನ್ನು ತನ್ನ ಹೆಸರೆಂದು ತಿಳಿದಿದೆ. ಈಗ 'ಹಚಾ' ಅಂದರೆ ಬಾಲ ಅಲ್ಲಾಡಿಸುತ್ತ ಹತ್ತಿರ ಬರುತ್ತದೆ. ಕೂಸು 'ಅವ್ವ' ಅನ್ನುವುದಕ್ಕಿಂತ ಮೊದಲು ಕಲಿತದ್ದೂ ಇದೇ ಮಾತು. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ ಓದುವ ಊರು ಇದು. ಮುಂದಾಗುವುದನ್ನು ಹೇಳುವವರಿಗೆ ಇಲ್ಲಿ ಮರ್ಯಾದೆಯುಂಟು. ನಾಳೆ ಬೆಳಿಗ್ಗೆ ನಾಯಿ ಎಲ್ಲಿರುತ್ತದೆ ಎಂಬ ಭವಿಷ್ಯವನ್ನಂತೂ ಯಾರು ಬೇಕಾದರೂ ನುಡಿಯಬಹುದು.

ಪಟ್ಟಣದವರು ಎತ್ತುವ ಆಕ್ಷೇಪ ಬೇರೆ. ಬೀದಿನಾಯಿಗೆ ರೊಟ್ಟಿ ಎಸೆಯುವುದನ್ನು ರೆಸ್ಕ್ಯೂ ಎನ್ನಲಾದೀತೇ? ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾದಂಥ ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ; ಅಲ್ಲಿ ಚಿಕಿತ್ಸೆ, ಸಂತಾನಹರಣ, ದತ್ತು ಕೊಡುವ ಮುಂಚೆ ಮನೆಯವರ ವಿಚಾರಣೆ, ಎಲ್ಲಕ್ಕೂ ಒಂದು ಕ್ರಮವಿದೆ. 2022ರಲ್ಲಿ '777 ಚಾರ್ಲಿ' ಬಂದಾಗ ಥಿಯೇಟರಿನಲ್ಲಿ ಅತ್ತ ನಮ್ಮಂಥವರಲ್ಲಿ ಎಷ್ಟೋ ಜನ ಹೊರಗೆ ಬಂದು, ಪಾರ್ಕಿಂಗಿನಲ್ಲಿ ಮಲಗಿದ್ದ ನಾಯಿಯನ್ನು ಹಾರನ್ ಹೊಡೆದು ಎಬ್ಬಿಸಿಯೇ ಮನೆಗೆ ಹೋದವರು. ಅದಿರಲಿ. ಕೊಡೇಕಲ್ಲಿನ ನಾಯಿಗಳು ಎಲ್ಲಿಂದ ಬರುತ್ತವೆಂದು ನೋಡಿದರೆ ಈ ಆಕ್ಷೇಪದ ಬಲ ಕುಂದುತ್ತದೆ. ಸುರಪುರ, ಹುಣಸಗಿ, ಶಹಾಪುರದ ಹಳ್ಳಿ ತಾಂಡಾಗಳಿಂದ ಜನ ಬೆಂಗಳೂರು, ಪುಣೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಪಾತ್ರೆಯ ಗಂಟು, ಹಾಸಿಗೆ, ಜೋಳದ ಚೀಲ ಬಸ್ಸು ಹತ್ತುತ್ತವೆ, ನಾಯಿ ಹತ್ತುವಂತಿಲ್ಲ. ಅದು ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿ, ತಿರುಗಿ ಬಂದು ಕೀಲಿ ಹಾಕಿದ ಬಾಗಿಲ ಮುಂದೆ ಕೂಡುತ್ತದೆ. ಒಂದು ದಿನ ಕೂಡುತ್ತದೆ, ಎರಡು ದಿನ ಕೂಡುತ್ತದೆ. ಮೂರನೆಯ ದಿನ ಪಕ್ಕದ ಮನೆಯ ಅಜ್ಜಿ 'ಸಾಯ್ತದೇನೋ ಹಾಳಾದ್ದು' ಎನ್ನುತ್ತ ಅರ್ಧ ರೊಟ್ಟಿ ಒಗೆಯುತ್ತಾಳೆ. ಫಾರ್ಮು ತುಂಬದಿದ್ದರೂ ರೆಸ್ಕ್ಯೂ ಎಂದರೆ ಇದೇ. ಹಾಗೆ ನೋಡಿದರೆ ಅವಳ ತೊಡೆಯ ಮೇಲಿನ ಕೂಸಿನ ತಂದೆತಾಯಿಯೂ ಅದೇ ಬಸ್ಸಿನಲ್ಲಿ ಹೋದವರೇ. ದುಡಿಯುವ ವಯಸ್ಸಿನವರೆಲ್ಲ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಮೂವರು. ಸಂಜೆ ಬಸ್ಸಿನ ಸದ್ದಿಗೆ ಮೂವರೂ ಒಟ್ಟಿಗೇ ಕತ್ತು ಎತ್ತುತ್ತಾರೆ. ಈ ನಾಯಿ ಕೂಸಿನ ಪಾಲಿನ ರೊಟ್ಟಿ ತಿನ್ನುತ್ತದೆಂದು ಮೇಲೆ ಇಷ್ಟುದ್ದ ದೂರಿದೆನಲ್ಲ, ಆ ದೂರನ್ನು ವಾಪಸು ಪಡೆಯುತ್ತಿಲ್ಲ. ಆದರೆ ಅದು ಇಲ್ಲದಿದ್ದರೆ ಕೂಸು ಉಣ್ಣುವ ಅರ್ಧ ಬಟ್ಟಲನ್ನೂ ಉಣ್ಣುತ್ತಿರಲಿಲ್ಲ ಎಂಬುದನ್ನು ದಾಖಲೆಗೆ ಸೇರಿಸಬೇಕು.

ನಾಯಿಯನ್ನು ನಮ್ಮದು ಎಂದು ಎದೆ ತಟ್ಟಿ ಹೇಳಿಕೊಂಡವರೂ ಕನ್ನಡ ನಾಡಿನಲ್ಲಿದ್ದರು. ಕ್ರಿ.ಶ. 949-50ರ ಸುಮಾರಿನ ಆತಕೂರು ಶಾಸನದಲ್ಲಿ ಮಣಲೇರನೆಂಬ ವೀರನಿದ್ದಾನೆ. ತಕ್ಕೋಲದ ಯುದ್ಧದಲ್ಲಿ ಅವನು ತೋರಿದ ಪರಾಕ್ರಮಕ್ಕೆ ಮೆಚ್ಚಿ ಒಡೆಯ ಏನು ಬೇಕೆಂದರೆ, ಊರು ಕೇರಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಉಂಡರೆ ಪಾಪ ಸುತ್ತಿಕೊಳ್ಳುತ್ತದೆಂದು ಬರೆಸಿದರು. ನಮ್ಮ ಅಜ್ಜಿ ಶಾಸನ ಓದಿದವಳಲ್ಲ, ಆದರೂ ಎರಡನೆಯ ಸಣ್ಣ ರೊಟ್ಟಿ ಹೊರಗೆ ಹೋಗದೆ ತಾನು ತಾಟಿನ ಮುಂದೆ ಕೂತವಳಲ್ಲ. ಮಣಲೇರ ಒಪ್ಪಿಕೊಂಡ, ಈಕೆ ಒಪ್ಪುವುದಿಲ್ಲ, ವ್ಯತ್ಯಾಸ ಅಷ್ಟೇ. ಒಪ್ಪದಿರುವುದಕ್ಕೆ ಕಾರಣವಿದೆ, ಮತ್ತು ಅದು ದಡ್ಡ ಕಾರಣವಲ್ಲ. 'ನಮ್ಮದು' ಅಂದ ಮರುಗಳಿಗೆ ಪಕ್ಕದ ಮನೆಯವರ ಕೋಳಿ ಹೋದದ್ದು ಆಕೆಯ ಲೆಕ್ಕಕ್ಕೆ ಬರುತ್ತದೆ. ಓಣಿಯಲ್ಲಿ ಯಾರದೋ ಮಗನ ಪ್ಯಾಂಟು ಹರಿದರೆ ಅದೂ ಆಕೆಯದೇ. ಒಳಗೆ ಹಾಸಿಗೆ ಹಿಡಿದ ಹಿರಿಯರಿದ್ದರೆ ಮಡಿ-ಮೈಲಿಗೆಯ ಮಾತು ಏಳುತ್ತದೆ. ಯಾರ ಅಪ್ಪಣೆಯನ್ನೂ ಕೇಳದೆ ಒಂದು ಜೀವವನ್ನು ಮನೆಗೆ ಸೇರಿಸಿಕೊಳ್ಳಬೇಕಾದ ಹೆಂಗಸಿಗೆ 'ನಮ್ಮದಲ್ಲ' ಎನ್ನುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇಲ್ಲಿಯವರೆಗೆ ನಗಬಹುದು. ಈ ಉಪಾಯ ಕೈಕೊಡುವುದು ಒಂದೇ ಕಡೆ: ಯಾರದೂ ಅಲ್ಲದ ನಾಯಿಗೆ ಯಾರೂ ಚುಚ್ಚುಮದ್ದು ಹಾಕಿಸುವುದಿಲ್ಲ. ಕೂಸಿನ ಬಾಯೂ ನಾಯಿಯ ಬಾಯೂ ಒಂದೇ ಎತ್ತರದಲ್ಲಿರುವ ಕಟ್ಟೆ ಅದು. ರೇಬಿಸ್ ಇದೆಯೆಂಬ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಗದ ಲಕ್ಷಣ ಕಂಡ ಮೇಲೆ ಬದುಕಿದವರು ಬೆರಳೆಣಿಕೆಯಷ್ಟೇ. ಕಚ್ಚಿದ ಜಾಗಕ್ಕೆ ಅರಿಶಿಣವೋ ಸುಣ್ಣವೋ ಖಾರಪುಡಿಯೋ ಮೆತ್ತುವುದು ಉಪಚಾರವಲ್ಲ; ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ದವಾಖಾನೆಗೆ ಓಡಬೇಕು. ಹಾಗಾದರೆ ಆಕೆಯನ್ನು ಮಾಲೀಕಳೆಂದು ಬರೆದುಕೊಂಡು ಹೊಣೆ ಹೊರಿಸಿದರಾಯಿತು ಎನ್ನುವವರಿದ್ದಾರೆ. ಹೊರಿಸಿದ ದಿನವೇ ಎರಡನೆಯ ರೊಟ್ಟಿ ನಿಲ್ಲುತ್ತದೆ, ಅಷ್ಟೇ. ಕಾನೂನೂ ಅಷ್ಟು ಬಿಗಿಯಾಗಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಇಂಥ ನಾಯಿಗಳನ್ನು ಸಮುದಾಯದ ಪ್ರಾಣಿಗಳೆಂದೇ ಕರೆಯುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಬೀದಿಯಲ್ಲಿ ಎಲ್ಲೆಂದರಲ್ಲಿ ಉಣಿಸಬೇಡಿ, ಗೊತ್ತುಮಾಡಿದ ಜಾಗದಲ್ಲಿ ಉಣಿಸಿ ಎಂದಿತು. ಆಕೆ ಜಾಗವನ್ನು ಎಂದೋ ಗೊತ್ತುಮಾಡಿದ್ದಾಳೆ: ಕಟ್ಟೆಯ ಎಡತುದಿ, ಕಿವಿ ಮುರಿದ ಬುಟ್ಟಿಯ ಪಕ್ಕ.

ಆದ್ದರಿಂದ ದನದ ದವಾಖಾನೆಯವರಿಗೆ ನನ್ನದೊಂದು ಸಲಹೆ. ಸೆಪ್ಟೆಂಬರ್ 28ರ ರೇಬಿಸ್ ದಿನಕ್ಕೋ ಇನ್ನಾವಾಗಲೋ ಲಸಿಕೆಗೆಂದು ಓಣಿಗೆ ಬಂದಾಗ 'ನಾಯಿ ಯಾರದು?' ಎಂದು ಕೇಳಲೇಬೇಡಿ. ಕೇಳಿದರೆ ಇಡೀ ಓಣಿಯಲ್ಲಿ ನಾಯಿಯೇ ಇಲ್ಲವೆಂದಾಗುತ್ತದೆ. 'ಹಿಡಕೊಳ್ಳೋರು ಯಾರು?' ಎಂದು ಕೇಳಿ. ಸೆರಗಿನಲ್ಲಿ ಅರ್ಧ ರೊಟ್ಟಿ ಮುಚ್ಚಿಕೊಂಡು ಆಕೆ ಮುಂದೆ ಬರುತ್ತಾಳೆ, ನಾಯಿಯನ್ನು ಬೈಯುತ್ತಲೇ ಅದರ ಕಣ್ಣು ಮುಚ್ಚಿ ಹಿಡಿಯುತ್ತಾಳೆ, ಸೂಜಿ ಸಣ್ಣದೋ ದೊಡ್ಡದೋ ಎಂದು ನಿಮ್ಮನ್ನೂ ವಿಚಾರಿಸಿಕೊಳ್ಳುತ್ತಾಳೆ. ಮುಂದಿನ ವರ್ಷದ ಡೋಸಿಗೆ ಬೇರೆ ಚೀಟಿ ಕೊಟ್ಟರೆ ಕಳೆಯುತ್ತಾಳೆ. ಕೂಸಿನ ತಾಯಿ ಕಾರ್ಡಿನ ಹಿಂಬದಿಯಲ್ಲಿ, ದಡಾರದ ಲಸಿಕೆಯ ತಾರೀಖಿನ ಕೆಳಗೆ, ಬರೆದುಕೊಡಿ. ಆ ಕಾರ್ಡು ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜತೆ ಭದ್ರವಾಗಿರುತ್ತದೆ.